ಎರಡೂ ಆಟ ಆಡಲು ಬಿಟ್ಟವರಿಗೆ

ಮಗಳ ಹೈಸ್ಕೂಲ್ ಆಟದ ದಿನಗಳು ಮುಗಿದವು. ವಾಲಿಬಾಲ್, ಹೈಜಂಪ್ ಎರಡರಲ್ಲೂ ಶಾಲೆಯ ಪರ ಆಡಿದಳು. ಕೊನೆಯ ವರ್ಷ ಎರಡರಲ್ಲೂ ಪದಕ ಬಂತು. ಹಾರೈಸಿದ ಎಲ್ಲರಿಗೂ ಥ್ಯಾಂಕ್ಸ್. ಆದರೆ ಆ ಹಾರೈಕೆಯಲ್ಲಿ ಮುಕ್ಕಾಲು ಪಾಲು ಬೇರೆಯವರಿಗೆ ಸೇರಬೇಕಾದದ್ದು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಇಬ್ಬರು ಕೋಚ್‌ಗಳಿಗೆ. ಶುರುವಿನಲ್ಲಿ ಎಷ್ಟೋ ಜನ ಹೇಳಿದ್ದರು, ಎರಡು ದೋಣಿಯಲ್ಲಿ ಕಾಲಿಡುವುದು ಬೇಡ, ಒಂದನ್ನು ಗಟ್ಟಿಯಾಗಿ ಹಿಡಿಯಲಿ ಅಂತ. ಚೆನ್ನಾಗಿ ಆಡುವ ಹುಡುಗಿ ಸಿಕ್ಕರೆ ಪೂರ್ತಿ ತನಗೇ ಬೇಕು ಅಂತ ಯಾವ ಕೋಚ್‌ಗೂ ಅನ್ನಿಸುತ್ತದೆ, ಅಲ್ವಾ? ಇವರಿಬ್ಬರು ಒಬ್ಬರಿಗೊಬ್ಬರು ಫೋನ್ ಮಾಡಿ, ಈ ವಾರ ಅವಳು ಎಷ್ಟು ಜಿಗಿದಿದ್ದಾಳೆ ಅಂತ ಲೆಕ್ಕ ಇಟ್ಟರು. ಮ್ಯಾಚ್ ಮರುದಿನ ಹೈಜಂಪ್ ಸರ್ ಅವಳನ್ನು ಬಾರ್ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಓಟದ ಹೆಜ್ಜೆ ಅಳತೆ ಮಾಡಿಸಿ ಮನೆಗೆ ಕಳಿಸುತ್ತಿದ್ದರು.

ಎರಡೂ ಜಿಗಿತದ ಆಟವೇ, ಆದರೆ ಜಿಗಿತ ಬೇರೆ ಬೇರೆ. ಸ್ಪೈಕ್ ಹೊಡೆಯುವಾಗ, ಅಂದರೆ ಚೆಂಡನ್ನು ನೆಟ್ ಮೇಲಿಂದ ಆಚೆಗೆ ಜೋರಾಗಿ ಬಾರಿಸುವಾಗ, ಅವಳು ಎರಡೂ ಕಾಲೂರಿ ಮೇಲೇಳುತ್ತಾಳೆ. ಹೈಜಂಪ್‌ನಲ್ಲಿ ಬಾಗಿದ ದಾರಿಯಲ್ಲಿ ಓಡಿ ಬರುತ್ತಾಳೆ, ಹಾರುವುದು ಮಾತ್ರ ಒಂದೇ ಕಾಲಿನಲ್ಲಿ, ಅದು ನಿಯಮ. ವಾಲಿಬಾಲ್ ಸೀಸನ್ ಮುಗಿದ ಹೊಸತರಲ್ಲಿ ಅವಳು ಅಷ್ಟು ಚೆಂದ ಓಡಿ ಬಂದು, ಬಾರ್ ಮುಂದೆ ಎರಡೂ ಕಾಲು ಕೂಡಿಸಿ ನಿಂತುಬಿಡುತ್ತಿದ್ದಳು. ಸರ್ ನಕ್ಕು, ಮತ್ತೆ ಮೊದಲಿನಿಂದ ಅನ್ನುತ್ತಿದ್ದರು. ಆ ತಾಳ್ಮೆ ನನಗಂತೂ ಇಲ್ಲ.

ಹೈಜಂಪ್‌ನಲ್ಲಿ ಸತತ ಮೂರು ಸಲ ತಪ್ಪಿದರೆ ಹೊರಗೆ. ಎರಡು ಸಲ ಬಾರ್ ಬಿದ್ದ ಮೇಲೆ ಒಬ್ಬಳೇ ನಿಂತು ಕಾಯುವ ಹೊತ್ತು ಇದೆಯಲ್ಲ, ನೋಡುವವರಿಗೇ ಹೊಟ್ಟೆ ತೊಳಸುತ್ತದೆ. ಅಲ್ಲಿ ಅವಳನ್ನು ಕಾಪಾಡಿದ್ದು ವಾಲಿಬಾಲ್ ಅಭ್ಯಾಸ. ವಾಲಿಬಾಲ್‌ನಲ್ಲಿ ಪಾಯಿಂಟ್ ಹೋದರೆ ಕೊರಗಲು ಪುರುಸೊತ್ತೇ ಇಲ್ಲ, ವಿಸಲ್ ಊದಿದ 8 ಸೆಕೆಂಡಿನೊಳಗೆ ಮುಂದಿನ ಸರ್ವ್ ಆಗಬೇಕು. 

ಸುಮ್ನೆ ಒಂದು ಮಾತು. 1968ರ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಹೈಜಂಪ್ ಆಟಗಾರ ಡಿಕ್ ಫಾಸ್ಬರಿ ಬೆನ್ನು ಕೆಳಗೆ ಮಾಡಿ ಹಾರಿ ಚಿನ್ನ ಗೆದ್ದ ಎತ್ತರ 2.24 ಮೀಟರ್. ಹೆಂಗಸರ ವಾಲಿಬಾಲ್ ನೆಟ್ ಎತ್ತರವೂ ಸರಿಯಾಗಿ ಅಷ್ಟೇ! ಇದನ್ನು ಕಂಡುಹಿಡಿದದ್ದು ಮಗಳು. ಆಮೇಲೆ ನೆಟ್ ಕಟ್ಟುವಾಗಲೆಲ್ಲ ಒಬ್ಬ ಮನುಷ್ಯ ಇದನ್ನು ದಾಟಿದ್ದಾನೆ ಅಂತ ತಂಡದವರ ತಲೆ ತಿನ್ನುತ್ತಿದ್ದಳು. ಕೇಳಿಸಿಕೊಂಡ ಅವರಿಗೂ ಥ್ಯಾಂಕ್ಸ್.

ನಡುವೆ ಮಂಡಿ ನೋವು ಬಂತು. ಮಂಡಿಚಿಪ್ಪಿನ ಕೆಳಗೆ, ಜಾಸ್ತಿ ಜಿಗಿಯುವವರಿಗೆ ಬರುವ ನೋವು. ಒಂದು ಸೀಸನ್ ಪೂರ್ತಿ ಹೋಯಿತು. ಫಿಸಿಯೊ ಮೇಡಂ ಯಾವ ಆಟ ಬಿಡುತ್ತೀಯ ಅಂತ ಒಮ್ಮೆಯೂ ಕೇಳಲಿಲ್ಲ. ನಿಧಾನಕ್ಕೆ ಭಾರ ಹೊತ್ತು ಕೂತೇಳುವ ವ್ಯಾಯಾಮ ಕೊಟ್ಟರು, ಅವಳು ಬೈದುಕೊಂಡೇ ಮಾಡಿದಳು. ವಾಲಿಬಾಲ್ ಮೇಡಂ ಅವಳನ್ನು ಸ್ಕೋರ್ ಬರೆಯಲು ಕೂರಿಸಿದರು. ಮುಖ ಊದಿಸಿಕೊಂಡೇ ಬರೆದಳು, ಆದರೆ ಎದುರಿನ ತಂಡ ಯಾವ ಮೂಲೆ ಖಾಲಿ ಬಿಡುತ್ತದೆ ಅಂತ ನೋಡಲು ಕಲಿತದ್ದು ಆಗಲೇ.

ಎಲ್ಲಕ್ಕಿಂತ ದೊಡ್ಡ ಋಣ ಇರುವುದು ಒಬ್ಬ ಹುಡುಗಿಗೆ. ಹೆಸರು ಹೇಳಿದರೆ ಅವಳಿಗೆ ಮುಜುಗರ. ಆ ಸೀಸನ್‌ನಲ್ಲೂ, ಆಮೇಲೆ ನನ್ನ ಮಗಳು ಹೈಜಂಪ್‌ಗೆ ಹೋದಾಗಲೆಲ್ಲ ಕೂಡ, ಅವಳ ಜಾಗದಲ್ಲಿ ಆಡಿದ್ದು ಈ ಹುಡುಗಿ. ಚೆನ್ನಾಗಿಯೇ ಆಡಿದಳು. ಮಗಳು ವಾಪಸ್ ಬಂದಾಗ ಮತ್ತೆ ಬೆಂಚಿಗೆ ಹೋಗಿ, ಅಲ್ಲಿಂದಲೇ ಎಲ್ಲರಿಗಿಂತ ಜೋರಾಗಿ ಕೂಗಿದಳು. ಅವಳಿಗೆ ಅದು ಸುಲಭವಾಗಿತ್ತು ಅಂತ ನಾನು ನಂಬುವುದಿಲ್ಲ. ಎರಡು ಆಟ ಆಡಿದವಳು ಅಂತ ನನ್ನ ಮಗಳನ್ನು ಹೊಗಳುವವರು ಇವಳನ್ನೂ ಸೇರಿಸಿ ಹೊಗಳಬೇಕು. ಅವಳ ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ.

ಮುಂದೆ ಯಾವ ಆಟ ಅಂತ ಈಗಲೇ ಕೇಳಬೇಡಿ. ಈ ತಿಂಗಳು ಪೂರ್ತಿ ನಿದ್ದೆ ಮಾಡುವುದಿದೆಯಂತೆ.