ಶನಿವಾರಕ್ಕೆ ಎಂಟ್‌ವಿಸಲ್

ಎಲ್ಲರಿಗೂ ನಮಸ್ಕಾರ. ಈ ಶನಿವಾರ ರಾತ್ರಿ ಕೇಳೋದು ಇಂಗ್ಲೆಂಡಿನ ರಾಕ್ ತಂಡ ದಿ ಹೂನ ಲೈವ್ ಆಲ್ಬಮ್ 'ಲೈವ್ ಅಟ್ ಲೀಡ್ಸ್', 1970ರದ್ದು. ಮೊದಲೇ ಒಂದು ಸಲ ಕೇಳಿಕೊಂಡು ಬನ್ನಿ. ಫೋನ್ ಸ್ಪೀಕರ್‌ನಲ್ಲಿ ಮಾತ್ರ ಬೇಡ, ದಮ್ಮಯ್ಯ. ಇಯರ್‌ಫೋನ್ ಹಾಕಿಕೊಂಡು ಬಲಗಿವಿಯದ್ದು ತೆಗೆದುಬಿಡಿ. ಗಿಟಾರ್ ಬಲಕ್ಕೆ, ಬೇಸ್ (ತಗ್ಗು ಸ್ವರದ ಗಿಟಾರ್) ಎಡಕ್ಕೆ ಇಟ್ಟಿರೋದರಿಂದ ತಂಡದ ಬೇಸ್ ವಾದಕ ಜಾನ್ ಎಂಟ್‌ವಿಸಲ್ ಕೈಚಳಕ ನಿಚ್ಚಳವಾಗಿ ಕೇಳುತ್ತೆ.

ಬೇಸ್ ಅಂದ್ರೆ ಹಿಂದೆ ನಿಂತು ದುಮ್ ದುಮ್ ಅನ್ನೋದು ಅಂತ ನಾನೂ ಅಂದುಕೊಂಡಿದ್ದೆ. ಇಲ್ಲಿ ತಂತಿ ಗಣಗಣ ಅನ್ನುತ್ತೆ, ಪಿಯಾನೋದ ಎಡತುದಿಯ ಮನೆಗಳನ್ನು ಒತ್ತಿದ ಹಾಗೆ. ಕಾರಣ ಸುತ್ತುತಂತಿ, ಅಂದ್ರೆ ಮೇಲೆ ದುಂಡು ತಂತಿ ಸುತ್ತಿದ, ರೋಟೋಸೌಂಡ್ ಕಂಪನಿಯ ರೌಂಡ್‌ವೂಂಡ್. ಜೊತೆಗೆ ಧಾರಾಳ ಟ್ರೆಬಲ್ (ಚೂಪು ಸ್ವರ), ಕಿವಿಗಡಚಿಕ್ಕುವ ವಾಲ್ಯೂಮ್. ಗಿಟಾರ್ ಸುಮ್ಮನಾದ ಕಡೆಯೂ ಜಾಗ ಖಾಲಿ ಅನ್ನಿಸೋದೇ ಇಲ್ಲ. ಪಕ್ಕದಲ್ಲಿ ಗಿಟಾರ್ ವಾದಕ ಟೌನ್‌ಶೆಂಡ್ ಎಗರಾಡ್ಲಿ, ಡ್ರಮ್ಮರ್ ಮೂನ್ ಡ್ರಮ್ ಚಚ್ಚಲಿ, ಎಂಟ್‌ವಿಸಲ್ ಆಸಾಮಿ ಮಾತ್ರ ಕಂಬ! ಓಡೋದು ಬೆರಳಷ್ಟೇ. 1965ರ 'ಮೈ ಜನರೇಷನ್' ಹಾಡಿನ ಬೇಸ್ ಸೋಲೋ ಎಲ್ಲರಿಗೂ ಗೊತ್ತು, ಬಿಡಿ.

ಕಳೆದ ವಾರ ನಮ್ಮನೇಲಿ ಜೋರಾಗಿ ಹಾಕಿದ್ದಕ್ಕೆ ಸ್ಟ್ಯಾಂಡಿನ ಲೋಟಗಳೆಲ್ಲ ನಡುಗಿ, ಅಮ್ಮ ಸೌಟು ಹಿಡಿದೇ ಬಂದ್ರು. ಆದ್ದರಿಂದ ಈ ಸಲ ಬೇರೆ ಯಾರಾದ್ರೂ ಮನೆ ಕೊಡಿ. ಬರೋರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ.