ನಿಮ್ಮ ಎರಡನೇ ಹಂತವನ್ನು ನಾನೇಕೆ ಮಾಡಲಿಲ್ಲ: ವಿನೈಲ್ ರಿಮೂವರ್ ಕುರಿತು ದೂರು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ವಿಷಯ: 500 ಮಿ.ಲೀ. ವಿನೈಲ್ ರಿಮೂವರ್ ಕಿಟ್, ಅದರ ಜೊತೆ ಬಂದ ಬಳಕೆ ಚೀಟಿ ಮತ್ತು ನೀವು ತಳ್ಳಿಹಾಕಿದ ವಾರಂಟಿ.

ಮಾನ್ಯರೇ,

ಮೂರು ಇಮೇಲ್, ನಾಲ್ಕು ಫೋನ್ ಕರೆ ಆದ ಮೇಲೆ ಈ ಪತ್ರ. ಸಮಾಧಾನದಿಂದಲೇ ಬರೆಯಬೇಕೆಂದು ಕೂತಿದ್ದೇನೆ. ಎಲ್ಲಾದರೂ ದನಿ ಏರಿದರೆ, ನಿಮ್ಮ ಕರೆ ಕೇಂದ್ರದ ಸಂಗೀತ ಇನ್ನೂ ಕಿವಿಯಲ್ಲೇ ಇದೆ ಎಂದು ತಿಳಿದುಕೊಳ್ಳಿ.

ನಡೆದದ್ದು ಇಷ್ಟು. 18 ಬಿಳಿ ಪಾಲಿಯೆಸ್ಟರ್ ಜೆರ್ಸಿಗಳ ಬೆನ್ನಿಗೆ ಕಡುನೀಲಿ ಹೀಟ್ ಟ್ರಾನ್ಸ್‌ಫರ್ ವಿನೈಲಿನಲ್ಲಿ (ಬಿಸಿ ಒತ್ತಿ ಬಟ್ಟೆಗೆ ಅಂಟಿಸುವ ಹಾಳೆಯಲ್ಲಿ) ತಂಡದ ಹೆಸರು ಒತ್ತಿತ್ತು, ಹೆಸರಿನಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. ತಪ್ಪು ನನ್ನದೇ, ಅದಕ್ಕೆ ನಿಮ್ಮನ್ನು ದೂರುತ್ತಿಲ್ಲ. ಆ ಹೆಸರನ್ನು ಕಿತ್ತು ಹೊಸದನ್ನು ಒತ್ತಲು ನಿಮ್ಮ ಕಿಟ್ ತರಿಸಿದೆ. 'ಯಾವುದೇ ಬಟ್ಟೆ, ಯಾವುದೇ ಪ್ರಿಂಟ್, 30 ಸೆಕೆಂಡ್' ಎಂದು ಡಬ್ಬಿಯ ಮೇಲೆ ನೀವೇ ಬರೆದಿದ್ದೀರಿ.

ಒಳಗಿದ್ದ ಚೀಟಿಯಲ್ಲಿ ಮೂರೇ ಸಾಲು. ಒಂದು, ಪ್ರಿಂಟಿನ ಮೇಲೆ ದ್ರವ ಸುರಿಯಿರಿ. ಎರಡು, ತಕ್ಷಣ ಬಿಸಿ ಇಸ್ತ್ರಿ ಪೆಟ್ಟಿಗೆ ಒತ್ತಿರಿ. ಮೂರು, ಕಿಟ್‌ನ ಸ್ಕ್ರೇಪರಿನಿಂದ ಕೆರೆದು ತೆಗೆಯಿರಿ. ಮೂರು ಸಾಲಿನಲ್ಲಿ ಮೂರು ತಪ್ಪು ಮಾಡುವುದು ಸುಲಭದ ಕೆಲಸವಲ್ಲ. ಒಂದೊಂದಾಗಿ ಹೇಳುತ್ತೇನೆ.

ವಿನೈಲ್ ಅಂದರೆ ಬಣ್ಣದ ಪ್ಲಾಸ್ಟಿಕ್ ಪೊರೆ, ಅದರ ಹೊಟ್ಟೆಗೆ ಬಿಸಿಗೆ ಕರಗುವ ಅಂಟು. ಬಟ್ಟೆಯನ್ನು ಹಿಡಿದಿರುವುದು ಆ ಅಂಟು. ಮೇಲಿನಿಂದ ಸುರಿದ ದ್ರವ ಮೊದಲು ಪೊರೆಯನ್ನು ಊದಿಸುತ್ತದೆ, ಬಣ್ಣವನ್ನು ಬಿಡಿಸುತ್ತದೆ, ಅಂಟನ್ನು ಮುಟ್ಟುವಷ್ಟರಲ್ಲಿ ಅರ್ಧ ಆವಿಯಾಗಿರುತ್ತದೆ. ಆದ್ದರಿಂದ ದ್ರವವನ್ನು ಹಾಕಬೇಕಾದದ್ದು ಬಟ್ಟೆಯ ಒಳಮೈಯಿಂದ. ಜೆರ್ಸಿಯನ್ನು ಒಳಗೆ-ಹೊರಗೆ ಮಾಡಿ, ಅಕ್ಷರದ ಬೆನ್ನಿಗೆ ಹನಿ ಹನಿಯಾಗಿ ಬಿಡಬೇಕು. ಬಟ್ಟೆಯನ್ನು ಅಡ್ಡಕ್ಕೂ ಉದ್ದಕ್ಕೂ ಎಳೆದರೆ ನೇಯ್ಗೆಯ ಕಣ್ಣು ಬಿಚ್ಚಿ ದ್ರವ ಅಂಟಿನವರೆಗೆ ಇಳಿಯುತ್ತದೆ. ಅರ್ಧ ನಿಮಿಷ, ಒಂದು ನಿಮಿಷದಲ್ಲಿ ಪೊರೆ ಸುಕ್ಕುಗಟ್ಟುತ್ತದೆ. ಆಗ ಒಂದು ಮೂಲೆಯನ್ನು ಚಿಮಟದಲ್ಲಿ ಹಿಡಿದು, ಮೇಲಕ್ಕೆ ಕೀಳದೆ ಬಟ್ಟೆಗೆ ಸಮಾನಾಂತರವಾಗಿ ನಿಧಾನಕ್ಕೆ ಎಳೆಯಬೇಕು. ಎಲ್ಲಿ ಬಿಗಿಯಾಯಿತೋ ಅಲ್ಲಿ ನಿಲ್ಲಿಸಿ ಮತ್ತೆ ನಾಲ್ಕು ಹನಿ. ಎರಡು ಪದರದ ವಿನ್ಯಾಸವಿದ್ದರಂತೂ ಮೇಲಿನಿಂದ ಸುರಿದು ಏನೂ ಉಪಯೋಗವಿಲ್ಲ. ಒಳಮೈಯಿಂದ ಹೋದರೆ ಕೆಳಗಿನ ಅಂಟು ಬಿಟ್ಟು ಎರಡೂ ಒಟ್ಟಿಗೆ ಬರುತ್ತವೆ.

ಎರಡನೇ ಸಾಲಿಗೆ ಬರೋಣ. ನಿಮ್ಮ ಡಬ್ಬಿಯ ಹಿಂಭಾಗದಲ್ಲಿ, ಇರುವೆ ಸಾಲಿನಂತಹ ಅಕ್ಷರದಲ್ಲಿ, 'ಅಸಿಟೋನ್ ಇದೆ' ಎಂದಿದೆ. ಪಕ್ಕದಲ್ಲೇ ಜ್ವಾಲೆಯ ಚಿಹ್ನೆ. ಅಸಿಟೋನ್ ಅಂದರೆ ಉಗುರು ಬಣ್ಣ ತೆಗೆಯಲು ಬಳಸುವ, ಬೇಗ ಆವಿಯಾಗುವ ದ್ರವ; ಅದರ ಆವಿ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕಿಡಿ ಸಿಕ್ಕರೆ ಹತ್ತಿಕೊಳ್ಳುತ್ತದೆ. ಅದರಲ್ಲಿ ನೆನೆದ ಬಟ್ಟೆಯ ಮೇಲೆ ಇಸ್ತ್ರಿ ಪೆಟ್ಟಿಗೆ ಇಡಿ ಎಂದು ನಿಮ್ಮದೇ ಚೀಟಿ ಹೇಳುತ್ತದೆ. ಡಬ್ಬಿ ಬರೆದವರೂ ಚೀಟಿ ಬರೆದವರೂ ಒಂದೇ ಕಟ್ಟಡದಲ್ಲಿದ್ದರೆ ದಯವಿಟ್ಟು ಪರಿಚಯ ಮಾಡಿಸಿ. ಬಿಸಿಯಿಂದ ತೆಗೆಯುವುದು ಬೇರೆ ವಿಧಾನ, ದ್ರವದಿಂದ ತೆಗೆಯುವುದು ಬೇರೆ ವಿಧಾನ. ದ್ರವ ಹಾಕಿದ ಬಟ್ಟೆ ಪೂರ್ತಿ ಆರಿ, ವಾಸನೆ ಹೋಗಿ, ಒಗೆದ ಮೇಲಷ್ಟೇ ಬಿಸಿಯ ಹತ್ತಿರ ಹೋಗಬೇಕು.

ಮೂರನೆಯದು ಸ್ಕ್ರೇಪರ್. ಅದರ ಹಿಡಿಯ ಒಳಬದಿಯಲ್ಲಿ ಅಚ್ಚಿನಲ್ಲೇ 'ಎಬಿಎಸ್' ಎಂದು ಮೂಡಿದೆ. ಎಬಿಎಸ್ ಪ್ಲಾಸ್ಟಿಕ್ ಅಸಿಟೋನಿನಲ್ಲಿ ಕರಗುತ್ತದೆ. ಎರಡು ಎಬಿಎಸ್ ತುಂಡುಗಳನ್ನು ಅಂಟಿಸಲು ಜನ ಅಸಿಟೋನನ್ನೇ ಹಚ್ಚುತ್ತಾರೆ. ನಿಮ್ಮ ಹಳದಿ ಸ್ಕ್ರೇಪರ್ ಮೊದಲ ಅಕ್ಷರ ಮುಗಿಯುವ ಮೊದಲೇ ಜಿಗುಟಾಯಿತು, ಎರಡನೆಯದಕ್ಕೆ ಅದರ ಅಂಚು ನೂಲು ನೂಲಾಗಿ ಎಳೆಯಿತು, ಮೂರನೆಯದಕ್ಕೆ ಬಿಳಿ ಜೆರ್ಸಿಯ ಮೇಲೆ ನೀಲಿಯ ಜೊತೆ ಹಳದಿಯೂ ಕುಳಿತುಕೊಂಡಿತು. ವಿನೈಲನ್ನು ತೆಗೆಯಬೇಕಾದ ಸಲಕರಣೆ ತಾನೇ ಬಟ್ಟೆಗೆ ಅಂಟಿಕೊಂಡಿತು. ಆ ಜೆರ್ಸಿ ಅಲ್ಲಿಗೆ ಮುಗಿಯಿತು.

ಇನ್ನು ನಾಲ್ಕನೇ ಫೋನ್ ಕರೆ. 22 ನಿಮಿಷ ಕಾದ ಮೇಲೆ ನಿಮ್ಮ ಪ್ರತಿನಿಧಿ ಸಿಕ್ಕರು. ಡಬ್ಬಿಯ ತಳದ 14 ಅಂಕಿ ಓದಿಸಿದರು. ಓದಿದೆ. ಮತ್ತೆ ಓದಿಸಿದರು. ಅದು ಹಳೇ ಬ್ಯಾಚು ಅಂದರು, ಮೂರನೇ ಸಲ ಓದಿಸಿ ಹೊಸ ಬ್ಯಾಚೇ ಅಂದರು. ಆಮೇಲೆ:

"ಚೀಟಿಯಲ್ಲಿರೋ ಹಾಗೇ ಮಾಡಿದ್ರಾ ಸರ್?"

"ಒಂದನೇದು, ಮೂರನೇದು ಮಾಡಿದೆ. ಎರಡನೇದು ಮಾಡಿಲ್ಲ."

"ಎರಡನೇದು ಯಾಕೆ ಮಾಡಿಲ್ಲ?"

"ಬೆಂಕಿ ಹತ್ಕೊಳ್ಳುತ್ತೆ ಅಂತ."

"ಹತ್ಕೊಂಡಿದೆಯಾ ಸರ್?"

"ಇಲ್ಲ, ಮಾಡಿಲ್ವಲ್ಲ."

"ಹಾಗಾದ್ರೆ ಬೆಂಕಿ ಪ್ರಾಬ್ಲಮ್ ಏನಿಲ್ಲ ಅಂತ ಬರ್ಕೋತೀನಿ."

ಕೀಲಿಮಣೆಯ ಸದ್ದು ಕೇಳಿಸಿತು. ನಿಜವಾಗಿಯೂ ಬರೆದುಕೊಂಡರು. ಆಮೇಲೆ, ಚೀಟಿಯ ಎಲ್ಲ ಹಂತ ಮಾಡದಿದ್ದರೆ ವಾರಂಟಿ ಅನ್ವಯಿಸುವುದಿಲ್ಲ ಎಂದರು. ಸ್ಕ್ರೇಪರ್ ಕರಗಿದ ವಿಷಯ ಹೇಳಿದೆ. ಕರಗುತ್ತಿರುವಾಗ ವಿಡಿಯೊ ಮಾಡಿದ್ದೀರಾ ಎಂದು ಕೇಳಿದರು. ಇಲ್ಲ ಎಂದೆ. ಇನ್ನೊಂದು ಜೆರ್ಸಿಯ ಮೇಲೆ ಮಾಡಿ ವಿಡಿಯೊ ಕಳಿಸಿ ಎಂದರು. ಇನ್ನೊಂದು ಜೆರ್ಸಿ ಯಾಕೆ ಹಾಳು ಮಾಡಲಿ ಎಂದು ಕೇಳಿದ್ದಕ್ಕೆ, ಮೇಲ್ವಿಚಾರಕರನ್ನು ಕೇಳುತ್ತೇನೆ ಎಂದು ಮತ್ತೆ ಆ ಸಂಗೀತ. ಆರು ನಿಮಿಷ. ವಾಪಸ್ ಬಂದು ಕೇಳಿದ್ದು ಜೆರ್ಸಿಯಲ್ಲಿ ಏನು ಬರೆದಿತ್ತು ಎಂದು. ತಂಡದ ಹೆಸರು, ಒತ್ತಕ್ಷರ ಬಿಟ್ಟಿತ್ತು ಎಂದೆ.

"ಮೊದಲೇ ಸರಿಯಾಗಿ ಬರೆದಿದ್ರೆ ರಿಮೂವರೇ ಬೇಕಾಗ್ತಿರ್ಲಿಲ್ಲ ಅಲ್ವಾ ಸರ್?"

ಹಿಂದೆ ಯಾರೋ ನಕ್ಕರು. ಕರೆ ಮುಗಿದ ಅರ್ಧ ನಿಮಿಷಕ್ಕೆ, ನಮ್ಮ ಸೇವೆಗೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ ಎಂಬ ಸಂದೇಶ ಬಂತು.

ನಿಮ್ಮ ವಾರಂಟಿಯ ಮಾತು ನಿಮಗೆ ಗೊತ್ತೇ ಇರುತ್ತದೆ, ನೀವೇ ಬರೆದದ್ದು. 'ಸೂಚನೆಯಂತೆ ಬಳಸಿದರೆ' ಎನ್ನುತ್ತದೆ ಅದು. ಸೂಚನೆಯಂತೆ ಬಳಸಿದರೆ ಜೆರ್ಸಿಗೆ ಬೆಂಕಿ, ಬಳಸದಿದ್ದರೆ ವಾರಂಟಿಗೆ ಬೆಂಕಿ. ಇದರಲ್ಲಿ ಯಾವುದನ್ನು ಆರಿಸಬೇಕಿತ್ತು?

ಉಳಿದ 17 ಜೆರ್ಸಿಗಳಿಗೆ ನಿಮ್ಮ ಡಬ್ಬಿ ಮುಟ್ಟಿಸಲಿಲ್ಲ. ಹಬೆ ಇಲ್ಲದ ಇಸ್ತ್ರಿ, ಪಾಲಿಯೆಸ್ಟರಿನ ಕಡಿಮೆ ಬಿಸಿ, ನಡುವೆ ತೆಳುವಾದ ಹತ್ತಿ ಬಟ್ಟೆ, ಒಳಮೈಯಿಂದ 10-15 ಸೆಕೆಂಡ್ ಒತ್ತು, ಬಿಸಿ ಇರುವಾಗಲೇ ಚಿಮಟದಲ್ಲಿ ಎಳೆ, ಆರಿದರೆ ಮತ್ತೆ ಒತ್ತು. ಹತ್ತಿಗೆ ಇಡುವ ಬಿಸಿ ಇಟ್ಟರೆ ಪಾಲಿಯೆಸ್ಟರ್ ಮಿರುಗಿ ಇಸ್ತ್ರಿಯ ಆಕಾರ ಹಾಗೇ ಉಳಿದುಬಿಡುತ್ತದೆ, ಆ ಹೊಳಪು ಒಗೆದರೆ ಹೋಗುವುದಿಲ್ಲ. ತೆಳು ಪೊರೆ ಚೂರು ಚೂರಾಗಿ ಹರಿಯುತ್ತದೆ, ತಾಳ್ಮೆ ಬೇಕು. ಉಳಿದ ಅಂಟಿನ ಮೇಲೆ ಕಂದು ಪ್ಯಾಕಿಂಗ್ ಕಾಗದ ಇಟ್ಟು ಬಿಸಿ ಒತ್ತಿ, ಬಿಸಿಯಾಗಿರುವಾಗಲೇ ಕಾಗದ ಎಳೆದರೆ ಅಂಟು ಸ್ವಲ್ಪ ಸ್ವಲ್ಪವಾಗಿ ಕಾಗದಕ್ಕೆ ಹತ್ತಿಕೊಂಡು ಬರುತ್ತದೆ. ಅಷ್ಟಾದರೂ ಅಕ್ಷರದ ಮಸುಕು ನೆರಳು ಕೆಲವದರಲ್ಲಿ ಉಳಿದಿದೆ. ನೂಲಿನೊಳಗೆ ಇಳಿದ ಅಂಟು ಪೂರ್ತಿ ಬರುವುದಿಲ್ಲ. ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ. 'ಗುರುತೂ ಉಳಿಯದು' ಎಂದು ಡಬ್ಬಿಯ ಮೇಲೆ ಬರೆಯದೇ ಇದ್ದಿದ್ದರೆ ಅದರ ಪ್ರಸ್ತಾಪವನ್ನೂ ಮಾಡುತ್ತಿರಲಿಲ್ಲ.

'ಯಾವುದೇ ಬಟ್ಟೆ' ಎಂಬ ಮಾತನ್ನೂ ಅಳಿಸಿ. ಅಸಿಟೇಟ್ ಬಟ್ಟೆಯನ್ನು ಅಸಿಟೋನ್ ಕರಗಿಸಿ ತೂತು ಮಾಡುತ್ತದೆ, ಟ್ರೈಅಸಿಟೇಟ್, ಮೋಡಕ್ರಿಲಿಕ್ ಬಟ್ಟೆಗಳನ್ನೂ ಹಾಳು ಮಾಡುತ್ತದೆ. ಕೋಟಿನ ಒಳ ಅಸ್ತರು ಎಷ್ಟೋ ಸಲ ಅಸಿಟೇಟಿನದೇ ಇರುತ್ತದೆ. ಒಳಹೊಲಿಗೆಯಲ್ಲಿ ಒಂದು ಹನಿ ಹಾಕಿ ಪರೀಕ್ಷಿಸಿ ಎಂಬ ಒಂದು ಸಾಲಿಗೆ ನಿಮ್ಮ ಚೀಟಿಯಲ್ಲಿ ಜಾಗವಿರಲಿಲ್ಲ, 'ನಿಮ್ಮ ನಗುವೇ ನಮ್ಮ ಗುರಿ' ಎಂಬುದಕ್ಕೆ ಇತ್ತು. 'ಯಾವುದೇ ಪ್ರಿಂಟ್' ಎಂಬುದೂ ಸುಳ್ಳು. ಸಬ್ಲಿಮೇಶನ್ ಪ್ರಿಂಟಿನಲ್ಲಿ ಬಣ್ಣ ನೂಲಿನೊಳಗೇ ಸೇರಿರುತ್ತದೆ, ಎಬ್ಬಿಸಲು ಅಲ್ಲಿ ಪೊರೆಯೇ ಇಲ್ಲ.

ಕೇಳುವುದು ಮೂರೇ: ಕಿಟ್‌ನ ಹಣ, ಹಾಳಾದ ಒಂದು ಜೆರ್ಸಿಯ ಹಣ, ಆ ಚೀಟಿಯ ವಾಪಸಾತಿ. ಮೊದಲೆರಡನ್ನು ಕೊಡದಿದ್ದರೂ ಬದುಕುತ್ತೇನೆ. ಮೂರನೆಯದನ್ನು ಬಿಡುವುದಿಲ್ಲ. 15 ದಿನದಲ್ಲಿ ಲಿಖಿತ ಉತ್ತರ ಬರದಿದ್ದರೆ ಡಬ್ಬಿಯ ಹಿಂಭಾಗದ ಜ್ವಾಲೆಯನ್ನೂ ಚೀಟಿಯ ಎರಡನೇ ಸಾಲನ್ನೂ ಅಕ್ಕಪಕ್ಕ ಇಟ್ಟು ತೆಗೆದ ಫೋಟೊ ಅಗ್ನಿಶಾಮಕ ಇಲಾಖೆಗೆ, ಗ್ರಾಹಕ ನ್ಯಾಯಾಲಯಕ್ಕೆ, ನಿಮ್ಮ ಸರಕು ಮಾರುವ ಪ್ರತಿಯೊಂದು ಜಾಲತಾಣದ ವಿಮರ್ಶೆಗೆ ಹೋಗುತ್ತದೆ. ಕರೆಯ ಧ್ವನಿಮುದ್ರಣ ನಿಮ್ಮ ಹತ್ತಿರ ಇದೆ, 'ಗುಣಮಟ್ಟಕ್ಕಾಗಿ' ಮುದ್ರಿಸಿಕೊಳ್ಳುತ್ತೀರಿ ಎಂದು ಮೊದಲೇ ಹೇಳಿದ್ದಿರಿ. ನ್ಯಾಯಾಲಯದಲ್ಲಿ ಅದನ್ನೇ ಕೇಳಿಸೋಣ, ಹಿಂದಿನಿಂದ ನಕ್ಕ ದನಿಯ ಸಮೇತ.

ಜೆರ್ಸಿಯನ್ನು ಈ ಪತ್ರದ ಜೊತೆ ಕಳಿಸುತ್ತಿದ್ದೇನೆ. ಸ್ಕ್ರೇಪರನ್ನು ಬೇರೆ ಕಳಿಸಲು ಆಗುವುದಿಲ್ಲ. ಅದು ಜೆರ್ಸಿಯಲ್ಲೇ ಇದೆ.

ಇಂತಿ,
ನಿಮ್ಮ ದಾಖಲೆಯ ಪ್ರಕಾರ 'ಬೆಂಕಿ ಪ್ರಾಬ್ಲಮ್ ಇಲ್ಲದ' ಗ್ರಾಹಕ