ಎಲ್ಥಮ್‌ಗೆ ಹಾಲು ಬಂದ ದಾರಿ

ಎಲ್ಥಮ್, ತರನಾಕಿ, ನ್ಯೂಜಿಲೆಂಡ್

ತೀರ್ಥರೂಪರಾದ ಅಪ್ಪಯ್ಯನವರಿಗೆ ಸಾಷ್ಟಾಂಗ ನಮಸ್ಕಾರಗಳು.

ಈ ಊರಿಗೆ ಹಾಲಿನ ಕಸುಬು ಹೇಗೆ ಬಂತೆಂದು ಕೇಳಿದ್ದಿರಿ. ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಎಲ್ಲದಕ್ಕೂ ಮೂಲ ತರನಾಕಿ ಬೆಟ್ಟ. 2518 ಮೀಟರ್ ಎತ್ತರದ ಈ ಜ್ವಾಲಾಮುಖಿ ಉಗುಳಿದ ಬೂದಿ, ಕಲ್ಲು ಸುತ್ತಲೂ ಹರಡಿ ಇಳಿಜಾರು ಬಯಲಾಗಿದೆ. ಹೊಳೆಗಳು ಬೆಟ್ಟದಿಂದ ಎಲ್ಲ ದಿಕ್ಕಿಗೂ ಇಳಿಯುತ್ತವೆ. ಅವುಗಳಲ್ಲೊಂದು ವೈಂಗೊಂಗೊರೊ, ಅದರ ಪಕ್ಕದಲ್ಲಿ ಎಲ್ಥಮ್. ಕಡಲ ಗಾಳಿಗೆ ಬೆಟ್ಟ ಅಡ್ಡ ನಿಂತಿರುವುದರಿಂದ ಇಲ್ಲಿ ವರ್ಷವಿಡೀ ಮಳೆ. ಬೂದಿಮಣ್ಣು ನೀರನ್ನು ಬೇಗ ಬಸಿದರೂ ತೇವ ಬಿಡುವುದಿಲ್ಲ, ಹುಲ್ಲಿಗೆ ಅದಕ್ಕಿಂತ ಇನ್ನೇನು ಬೇಕು?

ನೆಲ ಇಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರದು. ಅವರಿಗೂ ವಸಾಹತು ಸರ್ಕಾರಕ್ಕೂ ನಡೆದ ಯುದ್ಧದ ನಡುವೆ, 1865ರಲ್ಲಿ, ಸರ್ಕಾರ ಅದನ್ನು ಮುಟ್ಟುಗೋಲು ಹಾಕಿಕೊಂಡಿತು. ಇಲ್ಲಿನ ಹಸಿರು ಹೊಗಳುವವರು ಇದನ್ನು ಬಿಟ್ಟು ಮಾತಾಡಬಾರದು ಎಂದೇ ನನ್ನ ಅಭಿಪ್ರಾಯ. 1880ರ ದಶಕದಲ್ಲಿ ರೈಲುಹಾದಿಯ ಜೊತೆಗೆ ಬಂದ ಬಿಳಿಯರ ಮುಂದಿದ್ದದ್ದು ದಟ್ಟ ಕಾಡು.

ಕಾಡು ಕಡಿಯುವುದಕ್ಕೂ ಒಂದು ಕ್ರಮವಿತ್ತು. ಮೊದಲು ಪೊದೆ, ಬಳ್ಳಿ ಸವರುವುದು, ಆಮೇಲೆ ಮರ ಉರುಳಿಸುವುದು. ಬೇಸಿಗೆಯೆಲ್ಲ ಒಣಗಲು ಬಿಟ್ಟು, ಇಲ್ಲಿನ ಬೇಸಿಗೆ ಮುಗಿಯುವ ಫೆಬ್ರವರಿ, ಮಾರ್ಚ್‌ನಲ್ಲಿ ಬೆಂಕಿ. ಬೂದಿ ಆರುತ್ತಲೇ ಹುಲ್ಲು, ಕ್ಲೋವರ್ ಎಂಬ ಮೇವಿನ ಗಿಡದ ಬೀಜ ಎರಚಿಬಿಡುವುದು, ಉಳುಮೆಯೇ ಇಲ್ಲ. ನಡುವೆ ಮಳೆ ಹಿಡಿದರೆ ಕೆಲಸ ಕೆಟ್ಟಿತು. ಬೆಂಕಿ ಅರ್ಧಕ್ಕೇ ನಿಂತು, ಎಲೆ ಚಿಕ್ಕ ರೆಂಬೆಯೆಲ್ಲ ಸುಟ್ಟುಹೋಗಿ, ದಿಮ್ಮಿ ಮಾತ್ರ ಉಳಿಯುತ್ತಿತ್ತು. ಮರುವರ್ಷ ಹೊತ್ತಿಸಲು ಪುರಳೆಯೇ ಇಲ್ಲ. ಅಷ್ಟರಲ್ಲಿ ಜರಿಗಿಡ ಎದ್ದು ಹುಲ್ಲನ್ನು ನುಂಗುತ್ತಿತ್ತು.

ಬಿದ್ದು ಕೊಳೆಯುವ ದಿಮ್ಮಿಗಳ ಮೇಲೆ ಕಿವಿಯಾಕಾರದ ಅಣಬೆ ಏಳುತ್ತಿತ್ತು. ಚೀನಾದಿಂದ ಬಂದ ವ್ಯಾಪಾರಿ ಚ್ಯೂ ಚಾಂಗ್ ಅದನ್ನು ಒಣಗಿಸಿದ್ದಾದರೆ ನಗದು ಕೊಟ್ಟು ಕೊಂಡು ಚೀನಾಕ್ಕೆ ಕಳಿಸಿದರು. ಉಳಿದ ಅಂಗಡಿಗಳಲ್ಲಿ ಬೆಣ್ಣೆ ಕೊಟ್ಟರೆ ಬದಲಿಗೆ ಸಾಮಾನಷ್ಟೇ ಸಿಗುತ್ತಿದ್ದ ಕಾಲ ಅದು. ದನಗಳು ಹಾಲು ಕೊಡುವಷ್ಟು ಹುಲ್ಲು ಬರುವವರೆಗೆ ಎಷ್ಟೋ ಮನೆಗಳ ತೆರಿಗೆ ಕಟ್ಟಿದ್ದು ಆ ಅಣಬೆ. 1887ರಲ್ಲಿ ಚ್ಯೂ ಚಾಂಗ್ ಅವರೇ ಎಲ್ಥಮ್‌ನಲ್ಲಿ ಜುಬಿಲಿ ಬೆಣ್ಣೆ ಕಾರ್ಖಾನೆ ತೆರೆದರು. ಆ ಹೊತ್ತಿಗೆ ಶೀತಲ ಹಡಗುಗಳು ಓಡಾಡುತ್ತಿದ್ದವು, ಬೆಣ್ಣೆ ಕೆಡದೆ ಇಂಗ್ಲೆಂಡ್ ಮುಟ್ಟುತ್ತಿತ್ತು. ಆಮೇಲೆ ರೈತರು ತಮ್ಮದೇ ಸಹಕಾರಿ ಸಂಘ ಕಟ್ಟಿಕೊಂಡರು.

ಗಾಡಿಯಲ್ಲಿ ತಂದ ಹಾಲು ಹುಳಿಯಾಗುವ ಮೊದಲೇ ಮುಟ್ಟಬೇಕಿತ್ತಲ್ಲ, ಅದಕ್ಕೇ ಆಗ ಕೆಲವೇ ಮೈಲಿಗೊಂದು ಕೆನೆ ತೆಗೆಯುವ ಕೇಂದ್ರವಿತ್ತು. ಕೆನೆ ಕಾರ್ಖಾನೆಗೆ, ಕೆನೆ ತೆಗೆದ ಹಾಲು ಮರಳಿ ಮನೆಯ ಹಂದಿಗಳಿಗೆ ಹೋಗುತ್ತಿತ್ತು.

ಈ ಮಣ್ಣಿಗೊಂದು ಕೊರತೆಯಿದೆ. ಹಾಕಿದ ರಂಜಕವನ್ನು ಗಟ್ಟಿಯಾಗಿ ಹಿಡಿದುಕೊಂಡು ಬೇರಿಗೆ ಬಿಟ್ಟುಕೊಡುವುದಿಲ್ಲ, ಹಾಗಾಗಿ ಸೂಪರ್ ಫಾಸ್ಫೇಟ್ ಮತ್ತೆ ಮತ್ತೆ ಹಾಕಬೇಕು. ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣಿನದೂ ಇದೇ ಗುಣ. ತೋಟದ ಕೆಳಗಿನ ಮೇವಿನ ಹುಲ್ಲಿಗೆ ಸೂಪರ್ ಚೆಲ್ಲಿಸಬೇಡಿ. ಕೊಟ್ಟಿಗೆ ಗೊಬ್ಬರದ ಜೊತೆ ಬೆರೆಸಿ, ಸಾಲು ತೆಗೆಸಿ, ಬುಡದ ಹತ್ತಿರವೇ ಹಾಕಿಸಿ. ಅಮ್ಮನಿಗೂ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಮಗ